ಅಹಿಂಸಾ ಕಾಡತೂಸಿನ ಕಾರ್ಖಾನೆ

"ಇನ್ನ ಮ್ಯಾಲ ಈ ಭೀಮಗೊಂಡ ಪಾಟೀಲ ಕಾಡತೂಸಿನ ಸಲುವಾಗಿ ಯಾವ ಅಂಗಡಿ ಮುಂದೂ ನಿಲ್ಲಾಂವಲ್ಲ!"

ಭೋಜದ ಭೀಮಗೊಂಡ ಪಾಟೀಲರು ಈ ಘೋಷಣೆ ಹೊರಡಿಸಿದ್ದು ಯಾವ ವೇದಿಕೆಯಿಂದಲೂ ಅಲ್ಲ, ತಮ್ಮ ಪಡಸಾಲೆಯ ಜೋಕಾಲಿಯಿಂದ. ಎದುರಿಗಿದ್ದ ಮಹಾಸಭೆ ಎಂದರೆ ಹೆಂಡತಿ ಲಕ್ಷ್ಮಿಬಾಯಿ ಒಬ್ಬರೇ. ಅವರೂ ಮೊರದಲ್ಲಿ ಗುರೆಳ್ಳು, ಅಂದರೆ ಹುಚ್ಚೆಳ್ಳು, ಕೇರುತ್ತಿದ್ದರು, ತಲೆ ಎತ್ತಲಿಲ್ಲ.

ಪಾಟೀಲರ ಮನೆಯಲ್ಲಿ ಅಪ್ಪನ ಕಾಲದ ಒಂದು ಬಂದೂಕಿತ್ತು. ಬೆಳೆ ಕಾಯಲು ಸರ್ಕಾರ ಕೊಟ್ಟ ಲೈಸೆನ್ಸೂ ಇತ್ತು. ಆದರೆ ಪಾಟೀಲರು ಜೈನರು, ಇರುವೆ ಸಾಲು ಕಂಡರೆ ಸುತ್ತು ಹಾಕಿಕೊಂಡು ಹೋಗುವ ಮನುಷ್ಯ. ಕಬ್ಬಿಗೆ ನುಗ್ಗುವ ಹಂದಿಗಳ ಮೇಲೆ ಅವರು ಗುಂಡು ಹಾರಿಸುತ್ತಿದ್ದದ್ದು ಆಕಾಶದ ಕಡೆಗೆ. ಢಂ ಎನ್ನಬೇಕು, ಹಂದಿ ಓಡಬೇಕು, ಯಾರೂ ಸಾಯಬಾರದು! ಆ ಢಂ ಎನ್ನುವ ಸದ್ದಿಗಾಗಿ ಬೆಳಗಾವಿಯ ಅಂಗಡಿಯವನ ಮುಂದೆ ಲೈಸೆನ್ಸು ಹಿಡಿದು ನಿಲ್ಲಬೇಕು, ಅವನು ಪಾಟೀಲರನ್ನು ಮೇಲಿಂದ ಕೆಳಗೆ ನೋಡಬೇಕು, ಆಮೇಲೆ ಕಾಡತೂಸು ಕೊಡಬೇಕು. ಪಾಟೀಲರಿಗೆ ಇದು ಸಾಕಾಗಿ ಹೋಗಿತ್ತು.

ಅಂಥ ಹೊತ್ತಿನಲ್ಲಿ ಮೊಬೈಲಿನಲ್ಲಿ ಜ್ಞಾನೋದಯವಾಯಿತು. ಯಾವುದೋ ದೂರದ ದೇಶದ ಒಬ್ಬ ಬೊಜ್ಜಿನ ಗೃಹಸ್ಥ, ಚಡ್ಡಿ ಬನಿಯನ್ನಿನಲ್ಲಿ, ಮನೆಯ ಕಾರು ನಿಲ್ಲಿಸುವ ಕೋಣೆಯಲ್ಲಿ ಕೂತು ಒಂದು ಯಂತ್ರದ ಹಿಡಿಕೆ ಎಳೆಯುತ್ತಿದ್ದ. ಯಂತ್ರದಲ್ಲೊಂದು ದುಂಡು ತಟ್ಟೆ, ತಟ್ಟೆಯ ಸುತ್ತ ತೂತು, ತೂತಿಗೊಂದು ಖಾಲಿ ಕಾಡತೂಸು. ಹಿಡಿಕೆ ಎಳೆದರೆ ತಟ್ಟೆ ಒಂದು ಮನೆ ಮುಂದೆ ಸರಿಯುತ್ತದೆ. ಒಂದರ ಬುಡದಲ್ಲಿ ಕಿಡಿ ಹೊತ್ತಿಸುವ ಹಳೆಯ ಟೋಪಿ ಉದುರುತ್ತದೆ, ಇನ್ನೊಂದಕ್ಕೆ ಹೊಸ ಟೋಪಿ ಕೂರುತ್ತದೆ, ಮತ್ತೊಂದಕ್ಕೆ ಮದ್ದು ಬೀಳುತ್ತದೆ, ಮಗದೊಂದರ ಬಾಯಿ ಮುಚ್ಚುತ್ತದೆ. ಎಲ್ಲಾ ಒಂದೇ ಎಳೆತಕ್ಕೆ! ಎಳೆತಕ್ಕೊಂದು ತಯಾರಾದ ಕಾಡತೂಸು ಬುಟ್ಟಿಗೆ ಟಣ್ ಎಂದು ಬೀಳುತ್ತದೆ. ಕೆಳಗೆ ಅದೇ ಹವ್ಯಾಸದ ಜನರ ಜಗಳ ಬೇರೆ: ನಾನು ತಾಸಿಗೆ ಇಷ್ಟು ಮಾಡುತ್ತೇನೆ ಎಂದು ಒಬ್ಬ, ನಾನು ಅದರ ದುಪ್ಪಟ್ಟು ಎಂದು ಇನ್ನೊಬ್ಬ. ಒಬ್ಬ ಮುದುಕ ಮಾತ್ರ, ಟೋಪಿಯ ಕೊಳವೆ ತುಂಬುವುದಕ್ಕೇ ಅರ್ಧ ತಾಸು ಹೋಗುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಬರೆದಿದ್ದ. ಮಗಳು ಮನಿಷಾ ಅದನ್ನು ಕನ್ನಡ ಮಾಡಿ ಹೇಳಿದಾಗ, ಆ ಮುದುಕ ಸೋಮಾರಿ ಎಂದು ಪಾಟೀಲರು ತೀರ್ಪು ಕೊಟ್ಟರು.

"ನೋಡಿಲ್ಲಿ! ಮನ್ಯಾಗ ಕುಂತು ತಾಸಿಗೆ ನೂರಾರು!" ಎಂದು ಮೊಬೈಲನ್ನು ಹೆಂಡತಿಯ ಮೂಗಿಗೆ ಹಿಡಿದರು.

"ಹಂದಿ ತಾಸಿಗೆ ನೂರಾರು ಬರ್ತಾವೇನ್ರೀ?"

"ವೇಗದ ಮುಂದ ಹಂದಿ ಲೆಕ್ಕ ಯಾಕ?"

"ಮನ್ಯಾಗ ಮದ್ದು ತುಂಬ್ರಿ ಅಂತ ನಿಮ್ಮ ಲೈಸೆನ್ಸಿನ್ಯಾಗ ಬರದೈತೇನು?"

"ತುಂಬಬ್ಯಾಡ್ರಿ ಅಂತ ಬರದದ್ದು ನನಗೇನೂ ಕಂಡಿಲ್ಲ."

"ಚಾಳೀಸ ಹಾಕ್ಕೊಂಡು ನೋಡ್ರಿ. ಒಂದ್ ಮಾತ ಹೇಳಿಬಿಡ್ತೀನಿ. ಯಂತ್ರ ಬೇಕಾದ್ರ ಮಾಡ್ಕೋರಿ, ಆಟಾ ಆಡ್ರಿ. ಮದ್ದು ಈ ಮನಿಯೊಳಗ ಬಂತೋ, ನಾ ಅಥಣಿಗೆ ತವರಮನಿಗೆ!"

ಪಾಟೀಲರು ನಕ್ಕು ಬಿಟ್ಟರು. ನನ್ನದು ಗುಂಡಿಲ್ಲದ, ಬರೀ ಸದ್ದಿನ ಅಹಿಂಸಾ ಕಾಡತೂಸು, ಇದಕ್ಕೆ ಯಾವ ಕಾಯ್ದೆ ಅಡ್ಡ ಬಂದೀತು ಎಂದು ಎದೆ ಉಬ್ಬಿಸಿಕೊಂಡು ನಿಪ್ಪಾಣಿಗೆ ಹೊರಟರು.

ನಿಪ್ಪಾಣಿಯಲ್ಲಿ ನಜೀರಸಾಬನ ಲೇಥ್ ಅಂಗಡಿ. ಸಾಲೆಯಲ್ಲಿ ಇಬ್ಬರೂ ಒಂದೇ ಬೆಂಚಿನವರು. ಪಾಟೀಲರು ಹಾಳೆಯ ಮೇಲೆ ಗೀಚಿ ತೋರಿಸಿದ ದುಂಡು ತಟ್ಟೆಯನ್ನು ಅವನು ಬಹಳ ಹೊತ್ತು ನೋಡಿದ.

"ಏನ್ ತುಂಬೂ ಮಿಷನ್ರಿ ಪಾಟೀಲ್ರ ಇದು?"

"ರವಾ."

"ರವಾ ತುಂಬಾಕ ಇಷ್ಟ ಸಣ್ಣ ತೂತಾ?"

"ಸಣ್ಣ ರವಾ."

ನಜೀರಸಾಬ ಗಹಗಹಿಸಿ ನಕ್ಕ. ತಟ್ಟೆಯನ್ನೂ ಮಾಡಿ ಕೊಟ್ಟ, ದೋಸ್ತಿಯ ಕೆಲಸಕ್ಕೆ ರೊಕ್ಕ ಮುಟ್ಟುವುದಿಲ್ಲ ಎಂದು ಕೈ ಮುಗಿದ. ತಟ್ಟೆ ಕೂರಿಸಲು ಒಂದು ಗಟ್ಟಿ ಕಾಲಿನ ಚೌಕಟ್ಟು ಬೇಕಾಗಿತ್ತು. ಲಕ್ಷ್ಮಿಬಾಯಿಯವರ ಶಾವಿಗೆ ಒತ್ತುವ ಯಂತ್ರ ಹಿಂದಿನ ಕೋಣೆಯಲ್ಲಿ ಸುಮ್ಮನೆ ನಿಂತಿತ್ತು. ಅದರ ಹಿಡಿಕೆ, ಅದರ ಕಾಲು, ಅದರ ಮೈ ಎಲ್ಲವೂ ದೇಶಸೇವೆಗೆ ಅರ್ಪಿತವಾದವು.

ಮೊದಲ ಪರೀಕ್ಷೆ ಮದ್ದಿನ ಬದಲು ನಿಜವಾಗಿಯೂ ರವೆಯಿಂದಲೇ ನಡೆಯಿತು. ನಿಧಾನ ಎಳೆದರೆ ಯಂತ್ರ ಮಾತು ಕೇಳುತ್ತಿತ್ತು. ಆದರೆ ನಿಧಾನಕ್ಕಾಗಿ ಪಾಟೀಲರು ಇಷ್ಟೆಲ್ಲ ಮಾಡಿದ್ದರೇ? ಅವರು ಎದ್ದು ನಿಂತು, ಪಂಚೆ ಮೇಲೆ ಕಟ್ಟಿ, ಬಾವಿಯಿಂದ ನೀರು ಸೇದುವವರ ಹಾಗೆ ಎಳೆಯತೊಡಗಿದರು. ಟಣ್, ಟಣ್, ಟಣ್! ಆಮೇಲೆ ಕಟ್ಟ್! ತಟ್ಟೆ ಅರ್ಧ ಮನೆ ಸರಿದು ಸಿಕ್ಕಿಕೊಂಡಿತು, ಮೇಲಿನ ಕೊಳವೆ ಸಿಡಿಯಿತು, ರವೆ ಮಾಡಿನ ತನಕ ಹಾರಿ ಇಡೀ ಕೋಣೆಯ ಮೇಲೆ ಸುರಿಯಿತು. ಮರುದಿನ ಇರುವೆ ಬಂದವು. ಇರುವೆ ಬಂದ ಮೇಲೆ ಪಾಟೀಲರು ಕೋಣೆಗೆ ಕಾಲಿಡುವ ಹಾಗಿಲ್ಲ. ಅವು ಉಂಡು ಹೊತ್ತು ಹೋಗುವ ತನಕ ಕಾರ್ಖಾನೆಗೆ ರಜೆ!

ರವೆಯ ಜಾಗದಲ್ಲಿ ಮದ್ದಿದ್ದರೆ ಆ ಕಟ್ಟ್ ಎಂಬ ಸದ್ದಿಗೆ ಏನಾಗುತ್ತಿತ್ತು? ಈ ಪ್ರಶ್ನೆ ಪಾಟೀಲರ ಬೆನ್ನಿನ ಮೇಲೆ ಒಮ್ಮೆ ತಣ್ಣಗೆ ಹರಿದಾಡಿತು. ಅವರು ಅದನ್ನು ಕೊಡವಿಕೊಂಡರು. ಆಗಲೇ ಅದಕ್ಕೆ ಕಿವಿಗೊಟ್ಟಿದ್ದರೆ ನಾನು ಇದನ್ನೆಲ್ಲ ನಿಮಗೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಇರುವೆಗಳು ಜಾಗ ಬಿಟ್ಟ ದಿನ ಮಧ್ಯಾಹ್ನ ಲಕ್ಷ್ಮಿಬಾಯಿ ನೆರೆಮನೆಯ ಗಿರಿಜವ್ವನ ಹತ್ತಿರ ಹೋಗಿದ್ದರು. ನಜೀರಸಾಬ ಸಿಕ್ಕಿಕೊಂಡ ತಟ್ಟೆ ಬಿಡಿಸಲು ಬಂದಿದ್ದ. ಪಾಟೀಲರು ಅಟ್ಟ ಹತ್ತಿ ಅಪ್ಪನ ಕಾಲದ ಮದ್ದಿನ ತಗಡಿನ ಡಬ್ಬ ಇಳಿಸಿದರು. ತಳ ತುಕ್ಕು ಹಿಡಿದು ಕರಿ ಪುಡಿ ಸಣ್ಣಗೆ ಸೋರುತ್ತಿತ್ತು. ಕೈಗೆ ಸಿಕ್ಕಿದ್ದು ಅಡಿಗೆಮನೆಯ ಒಂದು ಖಾಲಿ ಸ್ಟೀಲಿನ ಡಬ್ಬಿ. ಅದೊಂದು ಜೋಡಿ ಡಬ್ಬಿ, ಲಕ್ಷ್ಮಿಬಾಯಿಯವರ ಲಗ್ನದಲ್ಲಿ ಬಂದದ್ದು. ಅದರ ಅವಳಿಯಲ್ಲಿ ಗುರೆಳ್ಳು ಹುರಿದು ಕುಟ್ಟಿದ ಹಿಂಡಿ, ಅಂದರೆ ರೊಟ್ಟಿಗೆ ನಂಚಿಕೊಳ್ಳುವ ಕರಿ ಚಟ್ನಿಪುಡಿ, ಇತ್ತು. ಪಾಟೀಲರು ಮದ್ದನ್ನು ಖಾಲಿ ಡಬ್ಬಿಗೆ ಸುರಿದು, ಮುಚ್ಚಳ ಒತ್ತಿ, ಬೆವರು ಒರೆಸಿಕೊಂಡರು. ನಜೀರಸಾಬ ಹಿಂದಿನ ಕೋಣೆಯಲ್ಲಿ ಸ್ಪ್ಯಾನರ್ ಹಿಡಿದು ಒದ್ದಾಡುತ್ತಿದ್ದ, ಇದನ್ನು ನೋಡಲಿಲ್ಲ.

ಆಗ ಫೋನು ಬಡಿದುಕೊಂಡಿತು.

"ಜೈ ಜಿನೇಂದ್ರ ಭೀಮಗೊಂಡಣ್ಣ. ನಾವು ಚಿಕ್ಕೋಡಿ ಕೆಲಸಾ ಮುಗಿಸಿ ಸದಲಗಾಕ್ಕ ಹೊಂಟೇವಿ. ನಿಮ್ಮ ಊರ ಮ್ಯಾಲೆ ಹಾದು ಹುಡುಗಿ ನೋಡ್ಕೊಂಡು ಹೋಗಬೇಕಂತ ಮಾಡೇವಿ. ಹೊತ್ತು ಮುಳುಗೂದರೊಳಗ ಊಟಾನೂ ನಿಮ್ಮಲ್ಲೇ ಆಗಿಬಿಡ್ಲಿ!"

ಸದಲಗಾದ ಶಾಂತಿನಾಥರು! ಮಗ ಕುಣಾಲ ರಾಯಬಾಗದಲ್ಲಿ ದನದ ಡಾಕ್ಟರು. ಸಂಬಂಧಿಕರ ಮದುವೆಯೊಂದರಲ್ಲಿ ಮನಿಷಾ ಮತ್ತು ಅವನು ಒಬ್ಬರನ್ನೊಬ್ಬರು ನೋಡಿ ಒಪ್ಪಿ ಆಗಿತ್ತು. ಅಪ್ಪನ ಮುಂದೆ ಯಾವತ್ತೂ ಏನೂ ಕೇಳದ ಹುಡುಗಿ ಮೊದಲ ಸಲ, "ಅಪ್ಪಾ, ಇದೊಂದು ಆಗ್ಲಿ" ಎಂದಿದ್ದಳು. ಆಗಬೇಕಾದದ್ದು ಶಾಂತಿನಾಥರ ಒಂದು ಮಾತು. ಆದರೆ ಶಾಂತಿನಾಥರು ನಿವೃತ್ತ ಪೊಲೀಸ್ ಫೌಜದಾರರು! ಇಡೀ ನೌಕರಿಯಲ್ಲಿ ಕಳ್ಳ ಬಂದೂಕು, ಕಳ್ಳ ಮದ್ದು ಹಿಡಿದೇ ಮೀಸೆ ದಪ್ಪ ಮಾಡಿಕೊಂಡವರು!

"ನಜೀರಾ, ಫೌಜದಾರ ಬರಾಕತ್ತಾನೋ!" ಎಂದು ಪಾಟೀಲರು ಕೂಗಿದರು. ನಜೀರಸಾಬನ ಸ್ಪ್ಯಾನರ್ ನೆಲಕ್ಕೆ ಬಿತ್ತು.

"ಮಿಷನ್ನಿಗೆ ಒಂದ್ ಸೀರಿ ಹೊದಸ್ರಿ ಪಾಟೀಲ್ರ. ಸೀರಿ ಹೊದ್ದ ಸಾಮಾನಿಗೆ ಪೊಲೀಸರು ಕೈ ಹಚ್ಚಂಗಿಲ್ಲ," ಎಂದು ಅವನೇ ದಾರಿ ತೋರಿಸಿದ.

ಯಂತ್ರಕ್ಕೇನೋ ಇಳಕಲ್ ಸೀರೆ ಸಿಕ್ಕಿತು. ಮದ್ದಿನ ಡಬ್ಬಿಯನ್ನು ಎಲ್ಲಿಡುವುದು? ಮಂಚದ ಕೆಳಗೆ? ಅದೇ ಮಂಚದ ಮೇಲೆ ಫೌಜದಾರರು ಕೂರುತ್ತಾರೆ. ದೇವರ ಕೋಣೆ? ದೀಪ ಉರಿಯುತ್ತಿರುತ್ತದೆ. ಕಣಕಿ ಬಣವೆ? ಬಣವೆಯ ಜೊತೆ ಊರೂ ಹೋದೀತು! ಡಬ್ಬಿಯನ್ನು ಎದೆಗವಚಿಕೊಂಡು ಮನೆ ತುಂಬಾ ಓಡಾಡಿ ಕೊನೆಗೆ ಅಡಿಗೆಮನೆಯ ಮೂಲೆಯಲ್ಲಿ ಜೋಳದ ಚೀಲದ ಹಿಂದೆ ತುರುಕಿದರು. ಅಷ್ಟರಲ್ಲಿ ಸುದ್ದಿ ಕೇಳಿ ಲಕ್ಷ್ಮಿಬಾಯಿ ಬಿರುಗಾಳಿಯಂತೆ ಒಳಗೆ ಬಂದರು. ಸೂರ್ಯ ಮುಳುಗಿದ ಮೇಲೆ ಆ ಮನೆಯಲ್ಲೂ ಅನ್ನ ನೀರು ಮುಟ್ಟುವುದಿಲ್ಲ, ಬರುವವರೂ ಮುಟ್ಟುವುದಿಲ್ಲ. ಸೂರ್ಯನೋ ಆಗಲೇ ಕಬ್ಬಿನ ತಲೆಯ ಮೇಲೆ ಇಳಿದಿದ್ದ. ಅವ್ವ ಮಗಳು ಸೇರಿ ಒಲೆ ಹೊತ್ತಿಸಿದರು, ಕಸ ಹೊಡೆದರು, ಕಂಡದ್ದನ್ನೆಲ್ಲ ಎತ್ತಿ ಎಲ್ಲೆಲ್ಲೋ ಇಟ್ಟರು. ನಜೀರಸಾಬ ಹಿತ್ತಲ ಬಾಗಿಲಿನಿಂದ, ತಾನು ವೈನಿ ಎಂದು ಕರೆಯುವ ಲಕ್ಷ್ಮಿಬಾಯಿಗೆ ಹೇಳಿ ಹೊರಟು ಹೋದ.

ಶಾಂತಿನಾಥರು, ಅವರ ಹೆಂಡತಿ, ಕುಣಾಲ ಬಂದರು. ಪಾಟೀಲರು ಮುಖದ ಮೇಲೆ ನಗೆ ಹಚ್ಚಿಕೊಂಡು ಎದುರುಗೊಂಡರು. ಫೌಜದಾರರ ಕಣ್ಣು ಅಭ್ಯಾಸಬಲದಿಂದ ಮನೆ ಸುತ್ತಿ, ತೆರೆದ ಬಾಗಿಲಿನಾಚೆಯ ಹಿಂದಿನ ಕೋಣೆಯಲ್ಲಿ ನಿಂತಿತು.

"ಅಲ್ಲಿ ಸೀರಿ ಉಟ್ಟು ನಿಂತದ್ದು ಏನ್ರಿ?"

"ಶಾವಿಗಿ ಮಿಷನ್ರಿ."

"ಹೌದಾ? ನಮ್ಮಾಕಿ ಒಂದು ಬೇಕಂತಿದ್ಲು. ನೋಡೂಣೇನು?" ಎಂದು ಶಾಂತಿನಾಥರು ಎದ್ದೇ ಬಿಟ್ಟರು. ಸೀರೆಯ ಅಂಚಿಗೆ ಕೈ ಹಾಕಿದರು. ಪಾಟೀಲರ ಮನಸ್ಸಿನಲ್ಲಿ ಣಮೋಕಾರ ಮಂತ್ರ ತಾನಾಗಿ ಓಡತೊಡಗಿತು. ಅಷ್ಟರಲ್ಲಿ ಒಳಗಿನಿಂದ ಲಕ್ಷ್ಮಿಬಾಯಿಯ ದನಿ ಬಂತು.

"ಬರ್ರಿ, ಬರ್ರಿ, ಎಲ್ಲಾರೂ ತಾಟಿಗೆ ಬರ್ರಿ, ಹೊತ್ತು ಇಳಿಯಾಕತ್ತೈತಿ!"

ಶಾಂತಿನಾಥರು ಸೀರೆ ಬಿಟ್ಟರು. ಪಾಟೀಲರಿಗೆ ಜೀವ ಬಂತು. ಬಂದ ಜೀವ ಎಷ್ಟು ಹೊತ್ತು ನಿಂತೀತು? ಕೈ ತೊಳೆಯುವ ನೆಪದಲ್ಲಿ ಅಡಿಗೆಮನೆಗೆ ಇಣುಕಿ ಜೋಳದ ಚೀಲದ ಹಿಂದೆ ಕೈ ಹಾಕಿದರು. ಕೈಗೆ ಗೋಡೆ ಸಿಕ್ಕಿತು. ಡಬ್ಬಿ ಇರಲಿಲ್ಲ! ಡಬ್ಬಿಗಳನ್ನಿಡುವ ಹಲಗೆಯ ಮೇಲೆ ನೋಡಿದರು. ಅವಳಿ ಡಬ್ಬಿಗಳಲ್ಲಿ ಒಂದೂ ಇರಲಿಲ್ಲ. ಹೆಂಡತಿಯನ್ನು ಕೇಳೋಣವೆಂದರೆ ಕುಣಾಲನ ತಾಯಿ ಅಲ್ಲೇ ಕಟ್ಟೆಗೆ ಆತುಕೊಂಡು ಲಕ್ಷ್ಮಿಬಾಯಿಯ ಜೊತೆ ತವರಿನ ಮಾತು ತೆಗೆದಿದ್ದರು. ತಿರುಗಿ ಪಡಸಾಲೆಗೆ ಬಂದರೆ ಮನಿಷಾ ತಲೆ ತಗ್ಗಿಸಿ, ಸ್ಟೀಲಿನ ಡಬ್ಬಿ ಹಿಡಿದು, ಶಾಂತಿನಾಥರ ತಾಟಿಗೆ ಕರಿ ಪುಡಿ ಬಡಿಸುತ್ತಿದ್ದಳು.

ಬೇರೆಯವರ ಮನೆಯಾಗಿದ್ದರೆ ಬೆಳ್ಳುಳ್ಳಿಯ ವಾಸನೆಯಿಂದಲೇ ಇದು ಹಿಂಡಿಯೋ ಅಲ್ಲವೋ ಎಂದು ಮೂಗು ಹೇಳಿಬಿಡುತ್ತಿತ್ತು. ಜೈನರ ಹಿಂಡಿಗೆ ಬೆಳ್ಳುಳ್ಳಿ ಎಲ್ಲಿಂದ ಬರಬೇಕು? ಕರಿ ಪುಡಿ ಎಂದರೆ ಕರಿ ಪುಡಿ. ಪಾಟೀಲರು ತಮ್ಮ ತಾಟಿನಿಂದ ಚಿಟಿಕೆ ಎತ್ತಿ ನಾಲಿಗೆಗೆ ಇಟ್ಟುಕೊಂಡರು. ಭಯಕ್ಕೆ ನಾಲಿಗೆ ಒಣಗಿ ತೊಗಲಾಗಿತ್ತು. ಉಪ್ಪುಪ್ಪು ಎನ್ನಿಸಿತು. ಹಿಂಡಿಯೂ ಉಪ್ಪು. ಮದ್ದೂ ಉಪ್ಪು ಎಂದು ಅಪ್ಪ ಹೇಳಿದ ನೆನಪು!

ಶಾಂತಿನಾಥರು ಪುಡಿಯ ನಡುವೆ ಕುಳಿ ಮಾಡಿ ಎಣ್ಣೆ ಹಾಕಿಕೊಂಡು, ರೊಟ್ಟಿ ಮುರಿದು, ದೊಡ್ಡ ತುತ್ತು ಬಾಯಿಗಿಟ್ಟರು.

"ಆಹಾ! ಗುರೆಳ್ಳ ಹಿಂಡಿ ಅಂದ್ರ ಇದು! ತಂಗಿ, ಇನ್ನೊಂದೀಟು ಹಾಕು."

"ಬ್ಯಾಡ್ರಿ!" ಎಂದರು ಪಾಟೀಲರು.

ಎಲ್ಲರೂ ಅವರನ್ನು ನೋಡಿದರು.

"ಅಂದ್ರ, ಖಾರ ಭಾಳ ಐತ್ರಿ. ಹೊಟ್ಟಿಗೆ ಆಗಂಗಿಲ್ಲ."

"ಖಾರಾನ ಬೇಕ್ರಿ ನನಗ. ಪೊಲೀಸ್ ಹೊಟ್ಟಿ ಐತಿದು, ಗುಂಡು ಹಾಕಿದ್ರೂ ಅರಗಿಸ್ತೈತಿ!" ಎಂದು ಶಾಂತಿನಾಥರು ಹೊಟ್ಟೆ ತಟ್ಟಿಕೊಂಡು ನಕ್ಕರು. ಅವರು ಹೊಟ್ಟೆ ತಟ್ಟಿದಾಗಲೆಲ್ಲ ಪಾಟೀಲರು ಕಣ್ಣು ಮುಚ್ಚಿಕೊಂಡರು.

ಕುಣಾಲನೂ ತಾಟು ಮುಂದೆ ಮಾಡಿದ. ಪಾಟೀಲರಿಗೆ ಇನ್ನು ತಡೆಯಲಾಗಲಿಲ್ಲ. ನಾಳೆ ತನ್ನ ಮಗಳು ಕೈ ಹಿಡಿಯಬೇಕಾದ ಹುಡುಗ! ಮದ್ದು ಯಾರದಾದರೂ ಹೊಟ್ಟೆಗೆ ಹೋಗಲೇಬೇಕಾದರೆ ಅದನ್ನು ತಂದವನ ಹೊಟ್ಟೆಗೇ ಹೋಗಲಿ. ಅವರು ಎದ್ದು ಮಗಳ ಕೈಯಿಂದ ಡಬ್ಬಿ ಕಸಿದುಕೊಂಡು, ತಳದಲ್ಲಿ ಸ್ವಲ್ಪ ಬಿಟ್ಟು ಉಳಿದದ್ದನ್ನೆಲ್ಲ ತಮ್ಮ ತಾಟಿಗೆ ಸುರಿದುಕೊಂಡರು. ಗುಡ್ಡೆಯಾದ ಪುಡಿಯನ್ನು ರೊಟ್ಟಿಯೂ ಇಲ್ಲದೆ ಮುಕ್ಕತೊಡಗಿದರು. ಕಣ್ಣಲ್ಲಿ ನೀರು ಹರಿಯುತ್ತಿತ್ತು. ಖಾರಕ್ಕೋ ಮಗಳ ಮೇಲಿನ ಮಮತೆಗೋ ಅವರಿಗೇ ತಿಳಿಯಲಿಲ್ಲ.

"ಮಾವಾರ ಊಟಾ ಭಾಳ ಜೋರ್ ಐತಿ," ಎಂದು ಕುಣಾಲ ಮೆಲ್ಲಗೆ ಹೇಳಿದ. ಅವನ ತಾಯಿ ಅಡಿಗೆಮನೆಯ ಬಾಗಿಲಿನಿಂದ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬಂದ ಮಂದಿಗೆ ಬಡಿಸುವುದನ್ನೂ ಕಸಿದು ತಿನ್ನುವ ಬೀಗ! ಮನಿಷಾ ನಾಚಿಕೆಯಿಂದ ಒಳಗೆ ಓಡಿದಳು.

ಊಟ ಮುಗಿದು ಬಾಯಿ ಮುಕ್ಕಳಿಸುವಷ್ಟರಲ್ಲಿ ಹೊತ್ತು ಮುಳುಗಿತು. ಈಗ ಹೆಣ್ಣಿಗೆ ಕುಂಕುಮ ಹಚ್ಚಿ, ಉಡಿ ತುಂಬಿ, ಆರತಿ ಎತ್ತಿದರೆ ಮಾತು ಆದ ಹಾಗೆ. ಕುಣಾಲನ ತಾಯಿ ತಾವೇ ಆರತಿ ತಟ್ಟೆಯಲ್ಲಿ ದೀಪ ಹಚ್ಚಿಕೊಂಡು ಬಂದರು. ಮನಿಷಾ ಮಣೆಯ ಮೇಲೆ ಕೂತಿದ್ದಳು. ಶಾಂತಿನಾಥರು ಪಕ್ಕದಲ್ಲೇ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ತೃಪ್ತಿಯಿಂದ ಕೂತಿದ್ದರು. ದೀಪ ಅವರ ಮೂಗಿನ ಮುಂದೆ ಹಾದು ಮಗಳ ಕಡೆಗೆ ಹೊರಟಿತು. ಅದೇ ಕ್ಷಣಕ್ಕೆ ಶಾಂತಿನಾಥರು ಒಂದು ದೊಡ್ಡ ತೇಗಿಗೆ ಬಾಯಿ ತೆರೆದರು.

ಪಾಟೀಲರ ಕಣ್ಣ ಮುಂದೆ ಎಲ್ಲವೂ ನಿಚ್ಚಳವಾಗಿ ಕಂಡಿತು: ತೆರೆದ ಬಾಯಿ, ಒಳಗೆ ಮದ್ದು, ಮುಂದೆ ಬೆಂಕಿ. ಅವರು ಪಡಸಾಲೆಯ ಆ ತುದಿಯಿಂದ ಒಂದೇ ನೆಗೆತಕ್ಕೆ ಬಂದು,

"ಫೂ!"

ಆರತಿ ಆರಿತು.

ಮಗಳ ಮುಂದೆ ಹಿಡಿದ ಆರತಿಯನ್ನು ಹೆತ್ತ ತಂದೆ ಊದಿ ಆರಿಸಿದ್ದ! ಬತ್ತಿಯ ಹೊಗೆ ಮಾತ್ರ ಮೇಲೆ ಏಳುತ್ತಿತ್ತು. ಶಾಂತಿನಾಥರ ತೇಗು ಒಳಗೇ ಸತ್ತಿತು. ಕುಣಾಲನ ತಾಯಿಯ ಮುಖ ಕೆಂಪಾಯಿತು.

"ನಡೀರಿ, ಹೋಗೂಣು," ಎಂದರು ಅವರು ಗಂಡನಿಗೆ. "ಈ ಸಂಬಂಧ ಇವ್ರಿಗೆ ಬ್ಯಾಡಾಗೇತಿ. ಬಾಯಿಲೆ ಹೇಳಾಕ ಆಗದ ಊದಿ ತೋರಿಸ್ಯಾರ."

ಮನಿಷಾ ಅಳಲಿಲ್ಲ, ತಲೆ ಎತ್ತಿ ಅಪ್ಪನ ಮುಖ ನೋಡಿದಳು ಅಷ್ಟೇ. ಆ ನೋಟಕ್ಕಿಂತ ಜೈಲೇ ಎಷ್ಟೋ ವಾಸಿ ಎನ್ನಿಸಿತು ಪಾಟೀಲರಿಗೆ. ಅವರು ಫೌಜದಾರರ ಕಾಲ ಮುಂದೆ ಕೂತೇ ಬಿಟ್ಟರು.

"ನನ್ನ ಹಿಡೀರಿ ಸಾಹೇಬ್ರ, ಬೇಡಿ ಹಾಕ್ರಿ, ಏನರೆ ಮಾಡ್ರಿ. ಆದ್ರ ಹುಡುಗಿದೇನೂ ತಪ್ಪಿಲ್ಲ. ನೀವು ಉಂಡದ್ದು ಹಿಂಡಿ ಅಲ್ರಿ. ಅದು ಬಂದೂಕಿನ ಮದ್ದು!"

ಆಮೇಲೆ ಬೊಜ್ಜಿನ ಗೃಹಸ್ಥ, ದುಂಡು ತಟ್ಟೆ, ಶಾವಿಗೆ ಯಂತ್ರ, ಅಪ್ಪನ ತಗಡಿನ ಡಬ್ಬ, ಜೋಳದ ಚೀಲ, ಎಲ್ಲಾ ಒಂದೇ ಉಸಿರಿಗೆ ಹೊರಗೆ ಬಂತು. ಆ ವೇಗ ಅವರ ಯಂತ್ರಕ್ಕೂ ಇರಲಿಲ್ಲ!

ಶಾಂತಿನಾಥರು ಕಳ್ಳರನ್ನು ಅಟ್ಟಿದವರು, ದರೋಡೆಕೋರರ ಮುಂದೆ ನಿಂತವರು. ಅಂಥವರ ಮುಖ ಸುಣ್ಣವಾಯಿತು. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಅಲುಗಾಡಿದರೆ ಏನಾಗುತ್ತದೋ ಎಂದು ಗೋಡೆಗೆ ಅಂಟಿ ನಿಂತರು.

"ನೀರು... ನೀರು ಕುಡೀಲೇನು?" ಎಂದರು ಸಣ್ಣ ದನಿಯಲ್ಲಿ.

"ಹೊತ್ತು ಮುಳುಗೇತ್ರಿ," ಎಂದು ಹೆಂಡತಿ ನೆನಪಿಸಿದರು, ಅಳುತ್ತಲೇ.

"ಕುಣಾಲ! ನೀ ಡಾಕ್ಟರ್ ಅಲ್ಲೇನೋ? ಏನರೆ ಮಾಡೋ!"

"ಅಪ್ಪಾ, ಎಮ್ಮಿ ಆಗಿದ್ರ ಒಂದ್ ಬಾಟ್ಲಿ ಎಣ್ಣಿ ಕುಡಿಸಿ ಅಡ್ಡಾಡಸ್ತಿದ್ದೆ," ಎಂದ ಕುಣಾಲ, ಕೈ ಹಿಸುಕಿಕೊಳ್ಳುತ್ತ. ಅವನೂ ಉಂಡಿದ್ದ. ಆದರೂ ಮೊದಲು ಬುದ್ಧಿ ಬಂದದ್ದು ಅವನಿಗೇ. "ಡಬ್ಬಿ ತಳಕ್ಕ ಸ್ವಲ್ಪ ಉಳದೈತಲ್ಲಾ? ಅದನ್ನ ಸುಟ್ಟು ನೋಡೂಣು."

ಎಲ್ಲರೂ ಅಂಗಳಕ್ಕೆ ಬಂದರು. ಉಳಿದ ಪುಡಿಯನ್ನು ಒಗೆಯುವ ಕಲ್ಲಿನ ಮೇಲೆ ಹರಡಿದರು. ಶಾಂತಿನಾಥರು, ಅವರ ಹೆಂಡತಿ, ಮನಿಷಾ ಅಂಗಳದಲ್ಲಿ ನಿಂತಿದ್ದ ಕಬ್ಬಿನ ಟ್ರಾಲಿಯ ಹಿಂದೆ ಅಡಗಿದರು. ಕುಣಾಲ ಕಬ್ಬಿನ ಉದ್ದನೆಯ ಒಣ ಗರಿಯ, ಅಂದರೆ ರವದಿಯ, ತುದಿಗೆ ಬೆಂಕಿ ಹಚ್ಚಿ ಮುಂದೆ ನಡೆದ. ಪಾಟೀಲರು ಅವನನ್ನು ಹಿಂದೆ ತಳ್ಳಿ, "ನೀ ಸರಿ, ನಿನ್ನ ಮುಂದ ಸಂಸಾರ ಐತಿ" ಎಂದು ತಾವೇ ರವದಿ ಹಿಡಿದರು. ರವದಿಯ ತುದಿಯ ಬೆಂಕಿ ನಡುಗುತ್ತಿತ್ತು. ಮುಖ ಪಕ್ಕಕ್ಕೆ ತಿರುಗಿಸಿ ಮುಟ್ಟಿಸಿದರು.

ಏನೂ ಆಗಲಿಲ್ಲ. ಪುಡಿ ಚುರ್ರೆಂದು ಸಣ್ಣಗೆ ಕರಟಿತು. ಹುರಿದ ಗುರೆಳ್ಳಿನ ಕಮ್ಮನೆ ವಾಸನೆ ಅಂಗಳ ತುಂಬಿತು.

"ನನ್ನ ಹಿಂಡಿ ಯಾಕ ಸುಡಾಕತ್ತೀರಿ?" ಎನ್ನುತ್ತ ಲಕ್ಷ್ಮಿಬಾಯಿ ಹೊರಗೆ ಬಂದರು. ಉಡಿಯ ಸಾಮಾನು ತರಲು ಹಿತ್ತಲ ದಾರಿಯಿಂದ ಗಿರಿಜವ್ವನ ಮನೆಗೆ ಹೋಗಿ ಆಗಷ್ಟೇ ಬಂದಿದ್ದ ಅವರಿಗೆ ಇದ್ಯಾವುದೂ ಕೇಳಿಸಿರಲಿಲ್ಲ.

ಹಿಂಡಿ! ಹಿಂಡಿಯೇ! ಶಾಂತಿನಾಥರು ಹ್ಹಾ ಎಂದು ಉಸಿರು ಬಿಟ್ಟು, ಅಷ್ಟು ಹೊತ್ತು ತಡೆದಿದ್ದ ತೇಗನ್ನು ಊರಿಗೆ ಕೇಳುವ ಹಾಗೆ ತೇಗಿದರು. ಕುಣಾಲ ನಕ್ಕ. ಮನಿಷಾ ನಕ್ಕಳು. ಪಾಟೀಲರು ಕಲ್ಲಿನ ಮೇಲೆ ಕುಸಿದು ಕೂತು ಅಳುತ್ತ ನಕ್ಕರು.

ಫೌಜದಾರರ ನಗೆ ಮೊದಲು ನಿಂತಿತು. "ಹಂಗಾದ್ರ ಮದ್ದಿನ ಡಬ್ಬಿ ಎಲ್ಲೈತಿ?"

"ಯಾವ ಮದ್ದು?" ಎಂದರು ಲಕ್ಷ್ಮಿಬಾಯಿ.

ಪಾಟೀಲರು ನೆಲ ನೋಡುತ್ತ ಹೇಳಿದರು. ಜೋಳದ ಚೀಲದ ಹಿಂದೆ ಇಟ್ಟದ್ದನ್ನೂ ಹೇಳಿದರು. ಲಕ್ಷ್ಮಿಬಾಯಿಯ ಬಾಯಿಂದ ಬೈಗುಳ ಬರಬೇಕಾಗಿತ್ತು, ಬರಲಿಲ್ಲ. ಅವರು ನಿಧಾನಕ್ಕೆ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಕಸಾ ಹೊಡೆಯುವಾಗ ಚೀಲದ ಹಿಂದ ಸಿಕ್ತು. ಮ್ಯಾಲ ಇಡಾಕ ಹೋದ್ರ ಅಲ್ಲಿ ಒಂದು ಆಗಲೇ ಇತ್ತು. ಮುಚ್ಚಳಾ ತಗದ್ ನೋಡಿದೆ, ಕರಿ ಪುಡಿ. ಎರಡ ಡಬ್ಬಿ ತುಂಬಿದ್ದು ನಾನ ಮರ್ತೀನಿ ಅನಕೊಂಡೆ. ಪಾಪ, ನಜೀರಸಾಬ ಅಷ್ಟ ಕೆಲಸಾ ಮಾಡಿ ರೊಕ್ಕಾ ಮುಟ್ಟಿಲ್ಲ. ಅಂವಗ ಕೊಟ್ಟೆ, ನಿನ್ನ ಹೇಂತಿ ದಿಲಶಾದಬಿಗೆ ಕೊಡಪಾ ಅಂತ..."

ಪಾಟೀಲರು ಫೋನು ಒತ್ತಿದರು. ಬೆರಳು ಎರಡು ಸಲ ತಪ್ಪಿತು. ಎಲ್ಲರೂ ಸುತ್ತ ನಿಂತರು. ಆ ಕಡೆ ಗಂಟೆ ಹೊಡೆಯುತ್ತಲೇ ಇತ್ತು, ಕೊನೆಗೆ ನಜೀರಸಾಬ ಎತ್ತಿದ.

"ನಜೀರಾ! ವೈನಿ ಕೊಟ್ಟ ಡಬ್ಬಿ ಎಲ್ಲೈತೋ?"

"ಇಲ್ಲೇ ಒಲಿ ಮುಂದ ಐತ್ರಿ ಪಾಟೀಲ್ರ. ದಿಲಶಾದ ಅನ್ನಾಕತ್ತಾಳ, ವೈನಿ ಹಿಂಡಿಗೆ ಬೆಳ್ಳೊಳ್ಳಿ ಹಾಕಂಗಿಲ್ಲ, ನಾ ಒಂದ್ ಬೆಳ್ಳೊಳ್ಳಿ ಒಗ್ಗರಣಿ ಕೊಡ್ತೀನಿ ಅಂತ. ಎಣ್ಣಿ ಕಾಯಾಕತ್ತೈತಿ."

"ಹಾಕಬ್ಯಾಡ! ಒಲಿ ಆರಸು! ಹಾಕಬ್ಯಾಡಾ!"

"ಏನ್ರಿ? ಎರಡ ಚಮಚಾ ಹಾಕೇ ಬಿಟ್ಲಲ್ರಿ..."

ಭುಸ್ಸ್! ಎಂದಿತು ಫೋನು. ಪಾತ್ರೆ ಉರುಳಿದ ಸದ್ದು, "ಯಾ ಅಲ್ಲಾ!" ಎಂಬ ಹೆಣ್ಣು ದನಿ, ಆಮೇಲೆ ನಿಶ್ಶಬ್ದ.

ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳೆಯ! ತನ್ನ ಹುಚ್ಚಿಗೆ ತಟ್ಟೆ ಮಾಡಿಕೊಟ್ಟ ತಪ್ಪಿಗೆ! "ನಜೀರಾ... ನಜೀರಾ..." ಎಂದು ಅವರು ಫೋನಿಗೆ ಕೂಗುತ್ತಿದ್ದರು. ಲಕ್ಷ್ಮಿಬಾಯಿ ಅವರ ತೋಳು ಗಟ್ಟಿಯಾಗಿ ಹಿಡಿದಿದ್ದರು.

ಆ ಕಡೆ ಕೆಮ್ಮು ಕೇಳಿಸಿತು. ಮತ್ತೆ ಕೆಮ್ಮು.

"ಪಾಟೀಲ್ರ... ದಿಲಶಾದ ಆರಾಮ ಅದಾಳ್ರಿ. ದೂರ ನಿಂತಿದ್ಲು. ನಾ ಬಗ್ಗಿ ನೋಡಾಕ ಹೋಗಿದ್ದೆ, ನನ್ನ ಅರ್ಧ ಮೀಶಿ ಇಲ್ರಿ. ವೈನಿಗೆ ಹೇಳ್ರಿ, ಹಿಂಡಿ ಸ್ವಲ್ಪ ಖಾರ ಆಗೇತಿ."

ಶಾಂತಿನಾಥರು ಫೋನು ಕಸಿದುಕೊಂಡರು. ಅವರ ಹಳೆಯ ಠಾಣೆಯ ದನಿ ಮರಳಿ ಬಂದಿತ್ತು. "ಡಬ್ಬಿಯೊಳಗ ನೀರ ಹೊಯ್ಯಿ! ಪೂರಾ ತುಂಬ ಹೊಯ್ಯಿ! ಒಲಿ ಹತ್ರ ಯಾರೂ ಹೋಗಬ್ಯಾಡ್ರಿ!" ಎಂದು ಗರ್ಜಿಸಿ, ನೀರು ಸುರಿದದ್ದನ್ನು ಕಿವಿಯಾರೆ ಕೇಳಿದ ಮೇಲೆಯೇ ಫೋನು ಇಟ್ಟರು. ನಂತರ ಪಾಟೀಲರ ಕಡೆ ತಿರುಗಿದರು.

"ನಾಳೆ ಬಂದೂಕು ತಗೊಂಡು ಠಾಣೆಕ್ಕ ಬಂದು ಜಮಾ ಮಾಡಬೇಕು. ನಡದದ್ದನ್ನ ನೀವ ಬಾಯಿಲೆ ಹೇಳಬೇಕು. ನಾ ಬಾಜೂಕ ನಿಂತಿರ್ತೀನಿ."

"ಹೂನ್ರಿ."

"ಆ ಸೀರಿ ಉಟ್ಟ ಮಿಷನ್ ಈಗಿಂದೀಗ ಬಿಚ್ಚಬೇಕು."

"ಹೂನ್ರಿ." ಆಮೇಲೆ ಪಾಟೀಲರು ಮೆಲ್ಲಗೆ ಕೇಳಿದರು. "ಹುಡುಗಿ ವಿಷಯ, ಸಾಹೇಬ್ರ?"

ಶಾಂತಿನಾಥರು ಹೆಂಡತಿಯನ್ನು ನೋಡಿದರು. ಕುಣಾಲನ ತಾಯಿ, ಬೆಂಕಿಯ ಮುಂದೆ ತಮ್ಮ ಮಗನನ್ನು ಹಿಂದೆ ತಳ್ಳಿದ ಈ ಮನುಷ್ಯನನ್ನು ಒಂದು ಕ್ಷಣ ನೋಡಿದರು. ಒಳಗೆ ಹೋಗಿ ಮತ್ತೆ ಆರತಿ ಹಚ್ಚಿದರು. ಆದರೆ ಅದಕ್ಕೂ ಮೊದಲು ಪಾಟೀಲರನ್ನು ಅಂಗಳದಲ್ಲೇ ನಿಲ್ಲಿಸಿ, ಒಳಗಿನಿಂದ ಚಿಲಕ ಹಾಕಿಸಿದರು! ಪಾಟೀಲರು ಕಿಟಕಿಯ ಸರಳು ಹಿಡಿದುಕೊಂಡು, ಉಸಿರು ಕೂಡ ಮೂಗಿನಿಂದಲೇ ಬಿಡುತ್ತ, ಮಗಳ ಮುಖದ ಮುಂದೆ ದೀಪ ಸುತ್ತುವುದನ್ನು ನೋಡಿದರು. ಉಡಿ ತುಂಬಿತು. ಮನಿಷಾ ಕಿಟಕಿಯ ಕಡೆ ನೋಡಿ ನಕ್ಕಳು.

ಶಾಂತಿನಾಥರು ಕಿಟಕಿಯ ಹತ್ತಿರ ಬಂದರು.

"ಬೀಗರ," ಎಂದರು. ಪಾಟೀಲರ ಕಣ್ಣು ತುಂಬಿ ಬಂತು. ಬೀಗರ ಅಂದರು! "ಲಗ್ನ ಪದ್ಧತಿ ಪ್ರಕಾರ ಇದ ಅಂಗಳದಾಗ ಆಗ್ಲಿ. ಮಂಟಪಾ ನಿಮ್ದು, ಓಲಗಾ ನಿಮ್ದು, ಅಕ್ಷತಾ ನಿಮ್ದು."

"ಹೂನ್ರಿ ಬೀಗರ! ಮತ್ತ ಅಡಿಗಿ ಹ್ಯಾಂಗಿರಬೇಕು ಹೇಳ್ರಿ, ಒಂದೂ ಕಡಿಮಿ ಮಾಡಂಗಿಲ್ಲ!"

ಶಾಂತಿನಾಥರು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು.

"ಅಡಿಗಿ ಮಾತ್ರ ಸದಲಗಾದಿಂದ ಬರ್ತೈತಿ."